ಗೆಲ್ಲದ ರೇಸುಗಾರನಿಗೆ ಒಂದು ಸನ್ಮಾನ ಪತ್ರ

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಬರೆಯುವುದು ಮಾತ್ರ ಚೆನ್ನಾಗಿ ಬರುತ್ತದೆ. ನಾನು ಬರೆದ ಸುಳ್ಳುಗಳು ಉಡುಪಿಯಿಂದ ಕಾರ್ಕಳದವರೆಗಿನ ಗೌರವಸ್ಥರ ಮನೆಗಳಲ್ಲಿ, ಚಿನ್ನದ ಬಣ್ಣದ ಚೌಕಟ್ಟಿನೊಳಗೆ, ಗಾಜಿನ ಹಿಂದೆ, ಟಿವಿಯ ಮೇಲಿನ ಗೋಡೆಯಲ್ಲಿ ತೂಗುತ್ತಿವೆ. ಅವುಗಳಿಗೆ ಸನ್ಮಾನ ಪತ್ರ ಎಂದು ಹೆಸರು. ನಮ್ಮ ಜಿಲ್ಲೆಯಲ್ಲಿ ಐವತ್ತು ದಾಟಿದ ಮನುಷ್ಯ ಒಮ್ಮೆಯೂ ಶಾಲು ಹೊದೆಸಿಕೊಳ್ಳದೆ ಉಳಿಯಬೇಕಾದರೆ ಬಹಳ ಎಚ್ಚರಿಕೆಯಿಂದ ಬದುಕಬೇಕು. ಬ್ಯಾಂಕಿನಿಂದ ನಿವೃತ್ತರಾದವರು, ಭಜನೆಗೆ ತಾಳ ಹಾಕುವವರು, ಬಸ್‌ ನಿಲ್ದಾಣದಲ್ಲಿ ನಲವತ್ತು ವರ್ಷ ಚಹಾ ಮಾಡಿದವರು, ಯಾರೂ ತಪ್ಪಿಸಿಕೊಂಡಿಲ್ಲ. ವೇದಿಕೆಯ ಮೇಲೊಂದು ದೊಡ್ಡ ಕುರ್ಚಿ, ತಲೆಗೆ ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ, ಇಷ್ಟಾದ ಮೇಲೆ ಅನಾನಸು ನಡುವೆ ನಿಲ್ಲಿಸಿದ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಡುತ್ತಾರೆ. ಬುಟ್ಟಿ ತೊಡೆಯ ಮೇಲಿರುವಷ್ಟು ಹೊತ್ತು ಮನುಷ್ಯ ಎದ್ದು ಹೋಗುವಂತಿಲ್ಲ. ಪತ್ರವನ್ನು ಓದುವುದು ಆಗಲೇ. ಈ ಕ್ರಮವನ್ನು ಹಾಕಿಕೊಟ್ಟವರು ತಿಳಿದವರೇ ಇರಬೇಕು.

ನಾನು ಬನ್ನಂಜೆಯಲ್ಲಿ ಮನೆ ಮಾಡಿಕೊಂಡಿರುವವಳು, ಪಿ.ಯು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಕನ್ನಡ ಪಾಠ ಮಾಡುವವರಿಗೆ ಕನ್ನಡ ಬರುತ್ತದೆಂಬ ನಂಬಿಕೆ ಊರಿನಲ್ಲಿ ಇನ್ನೂ ಉಳಿದಿರುವುದರಿಂದ ಈ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ಕಷ್ಟವಾಗುತ್ತಿತ್ತು. ಆಮೇಲೆ ಕೈ ಕುದುರಿತು. ಜಗಳಗಂಟರಾದರೆ ‘ನೇರ ನಡೆನುಡಿಯವರು’. ಜಿಪುಣರಾದರೆ ‘ಸರಳ ಜೀವಿ’. ಎಲ್ಲ ಸಂಘಗಳಲ್ಲೂ ಮೂಗು ತೂರಿಸುವವರಾದರೆ ‘ಬಹುಮುಖ ಪ್ರತಿಭೆ’. ಏನೂ ಮಾಡದೆ ಕೂತವರಿದ್ದರೆ ಇನ್ನೂ ಸುಲಭ, ಅವರು ಎಲೆಮರೆಯ ಕಾಯಿ. ಮಣಿಪಾಲದ ಒಬ್ಬ ದಂತವೈದ್ಯರಿಗೆ ‘ಸಾವಿರಾರು ನಗುಗಳ ಶಿಲ್ಪಿ’ ಎಂದು ಬರೆದಿದ್ದೆ. ಓದುವಾಗ ಅವರೊಬ್ಬರೇ ನಗದೆ ಗಂಭೀರವಾಗಿ ಕೂತಿದ್ದರು. ಅವರ ಮುಂದಿನ ಹಲ್ಲಿಗೆ ಆ ವಾರ ಏನೋ ರಿಪೇರಿ ನಡೆದಿತ್ತೆಂದು ನಂತರ ತಿಳಿಯಿತು.

ನನ್ನ ಈ ಕಲೆಗೆ ತಲೆಬಾಗದವರು ಊರಿನಲ್ಲಿ ಒಬ್ಬರೇ, ಅವರು ನನ್ನ ಯಜಮಾನರು. ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವ ಕೆಲಸಕ್ಕೆ ಸೇರಿ, ಮೀಟರ್ ಓದುವವರ ಮೇಲ್ವಿಚಾರಕರಾಗಿ ನಿವೃತ್ತರಾದರು. ಕಂಡದ್ದನ್ನು ಕಂಡಂತೆ ಬರೆದು ಮುಂದಿನ ಮನೆಗೆ ಹೋಗುವುದು ಅವರ ವೃತ್ತಿಧರ್ಮ. ಅವರ ಬೀಳ್ಕೊಡುಗೆಗೆ ಪತ್ರ ನಾನೇ ಬರೆದೆ. ‘ಮನೆ ಮನೆಗೆ ಬೆಳಕು ತಂದವರು’ ಎಂದಿದ್ದೆ. ಅವರು ಪೆನ್ಸಿಲ್ ತೆಗೆದುಕೊಂಡು ‘ಬೆಳಕು’ ಎಂಬುದನ್ನು ಹೊಡೆದು ‘ಬಿಲ್ಲು’ ಎಂದು ಮಾಡಿ, ಕನ್ನಡಕ ತೆಗೆದಿಟ್ಟು ಊಟಕ್ಕೆ ಎದ್ದರು. ಆ ಪತ್ರವನ್ನು ನಾವು ಗೋಡೆಗೆ ಹಾಕಿಲ್ಲ.

ಹೀಗಿರುವಾಗ ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಪಕ್ಕದ ಮನೆಯ ಪ್ರೇಮಕ್ಕ ಬಂದರು. ಪ್ರೇಮಕ್ಕ ನಮ್ಮ ಬಡಾವಣೆಯ ನಿವಾಸಿಗಳ ಬಳಗಕ್ಕೆ ಅಧ್ಯಕ್ಷೆ. ಊರಿನವರೊಡನೆಲ್ಲ ತುಳುವಿನಲ್ಲಿ ಮಾತಾಡುವ ಅವರು, ನಾನು ಕನ್ನಡದ ಮೇಡಂ ಎಂಬ ಮರ್ಯಾದೆಗೆ, ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾರೆ.

“ಮೇಡಂ, ನನ್ನ ಅಕ್ಕನ ಮಗ ನಿತೇಶ ಕಾಪುವಿನಲ್ಲಿ ಇದ್ದಾನಲ್ಲ, ಅವನಿಗೆ ನಮ್ಮ ವಾರ್ಷಿಕೋತ್ಸವದಲ್ಲಿ ಸನ್ಮಾನ ಮಾಡ್ಲಿಕ್ಕುಂಟು. ಪತ್ರ ನೀವು ಬರೀಬೇಕು.”

“ಪ್ರಾಯ ಎಷ್ಟು?” ಎಂದೆ. ಪತ್ರ ಬರೆಯುವವಳು ಮೊದಲು ಕೇಳುವ ಪ್ರಶ್ನೆ ಅದು.

“ಮೂವತ್ತೆರಡು.”

“ಇಷ್ಟು ಬೇಗ ಎಂತ ಅವಸರ?”

ಪ್ರೇಮಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ವಿಷಯ ಬಿಚ್ಚಿದರು. ನಿತೇಶ ಕಾರ್ ರೇಸಿನ ಡ್ರೈವರ್. ಹವ್ಯಾಸಕ್ಕಲ್ಲ, ಒಂದು ತಂಡದವರು ಸಂಬಳ ಕೊಟ್ಟು ಇಟ್ಟುಕೊಂಡವನು. ರೇಸಿದ್ದಾಗ ಚೆನ್ನೈಗೋ ಕೊಯಮತ್ತೂರಿಗೋ ಹೋಗಿ ಓಡಿಸಿ ಬರುತ್ತಾನೆ, ಉಳಿದ ದಿನ ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ಅವನದೇ ಒಂದು ಗ್ಯಾರೇಜು. ಹುಡುಗ ಒಳ್ಳೆಯವನು, ಕುಡಿಯುವುದಿಲ್ಲ, ಸೇದುವುದಿಲ್ಲ. ಆದರೆ ಮದುವೆ ಕೂಡಿಬರುತ್ತಿಲ್ಲ. ಮೂರು ಕಡೆ ಮಾತುಕತೆಯಾಗಿ ಮೂರೂ ಒಂದೇ ಜಾಗದಲ್ಲಿ ನಿಂತಿವೆ. ‘ಹುಡುಗ ಎಂತ ಮಾಡಿಕೊಂಡಿದ್ದಾನೆ?’ ‘ಕಾರು ಓಡಿಸ್ತಾನೆ.’ ‘ಸ್ವಂತದ್ದಾ, ಬಾಡಿಗೆಯದ್ದಾ?’ ‘ರೇಸಿನದ್ದು.’ ಇಷ್ಟು ಹೇಳಿದ ಕೂಡಲೇ ಹೆಣ್ಣಿನ ಕಡೆಯವರು ಕಾಫಿ ಲೋಟ ಕೆಳಗಿಟ್ಟು, ಜಾತಕ ಒಮ್ಮೆ ನೋಡಿ ಹೇಳುತ್ತೇವೆ ಎನ್ನುತ್ತಾರೆ. ಹೋದ ಜಾತಕ ತಿರುಗಿ ಬರುವುದಿಲ್ಲ.

ಈಗ ನಾಲ್ಕನೆಯದು ಕಾರ್ಕಳದ ಸಂಬಂಧ. ಹುಡುಗಿ ಅನುಷಾ, ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ. ತೀರ್ಮಾನ ಹುಡುಗಿಯ ಸೋದರಮಾವನದು. ಅವರು ನಿವೃತ್ತ ಹೆಡ್ಮಾಸ್ಟರು. ನಮ್ಮ ಕಡೆ ಸೋದರಮಾವ ಹೂಂ ಅನ್ನದೆ ಮದುವೆಯ ಚಪ್ಪರ ಏಳುವುದಿಲ್ಲ. ಅವರು, ಹುಡುಗನನ್ನು ಮನೆಗೆ ಕರೆಯುವ ಮೊದಲು ಎಲ್ಲಾದರೂ ನಾಲ್ಕು ಜನರ ನಡುವೆ ಒಮ್ಮೆ ನೋಡುತ್ತೇವೆ ಎಂದರಂತೆ. ಪ್ರೇಮಕ್ಕನ ತಲೆ ಅಲ್ಲೇ ಓಡಿತು. ನಾಲ್ಕು ಜನರ ನಡುವೆ ಯಾಕೆ, ನಾಲ್ಕು ನೂರು ಜನರ ನಡುವೆ, ವೇದಿಕೆಯ ಮೇಲೆ, ಪೇಟ ಕಟ್ಟಿಸಿಯೇ ತೋರಿಸಿದರಾಯಿತು.

“ಅವರು ಮೂರನೇ ಸಾಲಿನಲ್ಲಿ ಕೂತ್ಕೊಳ್ತಾರೆ. ನೀವು ಬರೆದದ್ದು ಕೇಳಿದ್ರೆ ಅಲ್ಲೇ ಒಪ್ಪಬೇಕು” ಎಂದರು ಪ್ರೇಮಕ್ಕ. “ಹುಡುಗ ದೊಡ್ಡ ಸಾಧಕ ಅಂತ ಬರಬೇಕು. ಆದ್ರೆ ಸ್ಪೀಡ್ ಅಂತ ಬರಬಾರದು. ಸ್ಪೀಡ್ ಅಂದ್ರೆ ಹೆಣ್ಣು ಕೊಡುವವರು ಹೆದರ್ತಾರೆ.”

ಜಗಳಗಂಟರನ್ನು ಸಾಧುಗಳನ್ನಾಗಿ ಮಾಡಿದವಳು ನಾನು. ಆದರೂ ರೇಸಿನ ಡ್ರೈವರನನ್ನು ನಿಧಾನಸ್ಥನನ್ನಾಗಿ ಮಾಡಿ, ಅದೇ ಕಾರಣಕ್ಕೆ ಅವನು ಗೆದ್ದನೆಂದು ಸಾಧಿಸುವ ಕೆಲಸ ಇದುವರೆಗೆ ಬಂದಿರಲಿಲ್ಲ. ಆಗಲಿ ಎಂದೆ. ಹೊಗಳಿಕೆಯ ಕೆಲಸವನ್ನು ಒಲ್ಲೆನೆಂದು ಹೇಳಿ ಅಭ್ಯಾಸವಿಲ್ಲ.

ಮಾಹಿತಿ ತರಲು ಮುಂದಿನ ಭಾನುವಾರ ಬಸ್ಸು ಹತ್ತಿ ಕಾಪುವಿಗೆ ಹೋದೆ. ನಮ್ಮ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳ ಬಗ್ಗೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಿಂದಿನ ಬಸ್ಸು ಮುಂದೆ ಹೋಗಬಾರದು, ಮುಂದಿನ ಬಸ್ಸು ಮುಂದೆ ಇರಬಾರದು ಎಂಬುದು ಅವುಗಳ ಸಿದ್ಧಾಂತ. ನಾನು ಕೂತದ್ದು ಡ್ರೈವರನ ಹಿಂದಿನ ಸೀಟಿನಲ್ಲಿ. ಆತ ಒಂದು ಕೈಯಲ್ಲಿ ಸ್ಟೀಯರಿಂಗ್, ಇನ್ನೊಂದರಲ್ಲಿ ಹಾರ್ನ್ ಹಿಡಿದು ಇಬ್ಬರು ಪ್ರತಿಸ್ಪರ್ಧಿಗಳನ್ನು ಹಿಂದಿಕ್ಕಿ ನನ್ನನ್ನು ಕಾಪುವಿನಲ್ಲಿ ಇಳಿಸಿದ, ಅಥವಾ ಬಸ್ಸು ನಿಧಾನವಾದಾಗ ನಾನೇ ಇಳಿದೆ. ದಿನಕ್ಕೆ ಆರು ಸಲ ಗೆಲ್ಲುವ ಈತನಿಗೆ ಈವರೆಗೆ ಯಾರೂ ಶಾಲು ಹೊದೆಸಿಲ್ಲ.

ಗ್ಯಾರೇಜಿನಲ್ಲಿ ನಿತೇಶ ಒಂದು ಹಳೆಯ ಕಾರಿನ ಅಡಿಯಿಂದ ಹೊರಗೆ ಬಂದು ಕೈ ಒರಸಿಕೊಂಡ. ರೇಸಿನ ಡ್ರೈವರ್ ಎಂದರೆ ಕಪ್ಪು ಕನ್ನಡಕ, ಹಾರುವ ಕೂದಲು ಎಂದೆಲ್ಲ ನಾನು ಮನಸ್ಸಿನಲ್ಲೇ ಎರಡು ಸಾಲು ಬರೆದಿಟ್ಟಿದ್ದೆ. ಇವನು ತೆಳ್ಳಗೆ, ನೆತ್ತಿಯ ಮೇಲೆ ಕೂದಲು ಸ್ವಲ್ಪ ಕಮ್ಮಿಯಾದ, ಬ್ಯಾಂಕಿನ ಕೌಂಟರಿನಲ್ಲಿ ಕೂರಿಸಿದರೂ ಒಪ್ಪುವ ಹುಡುಗ. ತಾಯಿ ಸುಮತಿಯಕ್ಕ ಹಿಂದಿನ ಮನೆಯಿಂದ ಚಹಾ ತಂದುಕೊಟ್ಟರು. ತೀರಿಕೊಂಡ ತಂದೆ ಮೀನಿನ ಲಾರಿ ಓಡಿಸುತ್ತಿದ್ದರಂತೆ. ಮಲ್ಪೆ ಬಂದರಿನಲ್ಲಿ ಮೀನು ತುಂಬಿಸಿಕೊಂಡು ಹೊರಟರೆ ಮಂಜುಗಡ್ಡೆ ಕರಗುವ ಮೊದಲು ಘಟ್ಟ ದಾಟಿ ಪೇಟೆ ಮುಟ್ಟಬೇಕು. ನಿತೇಶ ಚಿಕ್ಕಂದಿನಲ್ಲಿ ರಜೆಗೆ ಆ ಲಾರಿಯಲ್ಲಿ ಹೋಗುತ್ತಿದ್ದ.

“ಅಪ್ಪ ಬ್ರೇಕ್ ಹಾಕುವುದೇ ಕಮ್ಮಿ. ತಿರುವು ಬರುವ ಮೊದಲೇ ಅವರಿಗೆ ಗೊತ್ತಾಗ್ತಿತ್ತು” ಎಂದ ನಿತೇಶ.

ನಾನು ಪುಸ್ತಕದಲ್ಲಿ ‘ತಂದೆಯೇ ಮೊದಲ ಗುರು’ ಎಂದು ಬರೆದುಕೊಂಡೆ. ಅಲ್ಲಿಯವರೆಗೆ ಎಲ್ಲ ಸುಸೂತ್ರ.

“ಎಷ್ಟು ಪ್ರಶಸ್ತಿ ಬಂದಿದೆ ಹೇಳು ಮಾರಾಯ.”

ಅವನು ಒಳಗೆ ಹೋಗಿ ಒಂದು ಹಾಳೆ ತಂದ. ಒಂಬತ್ತು ವರ್ಷದ ರೇಸುಗಳೆಲ್ಲ ಗೆರೆ ಹಾಕಿ ಬರೆದದ್ದು, ಕೆಳಗೆ ಮೊತ್ತ. ಭಾಗವಹಿಸಿದ ರೇಸುಗಳು ನಲವತ್ತೇಳು. ಮುಗಿಸಿದ್ದು ಇಪ್ಪತ್ತೆಂಟು. ಅರ್ಧದಲ್ಲಿ ನಿಂತದ್ದು ಹತ್ತೊಂಬತ್ತು. ಎರಡನೆಯ ಸ್ಥಾನ ಎರಡು, ಮೂರನೆಯ ಸ್ಥಾನ ಐದು. ಮೊದಲನೆಯ ಸ್ಥಾನ ಎಂಬಲ್ಲಿ ದುಂಡಗೆ ಒಂದು ಸೊನ್ನೆ.

“ಇದು ತುಂಬಿಸ್ಲಿಕ್ಕೆ ಬಾಕಿಯಾ?” ಎಂದು ಕೇಳಿದೆ.

“ಇಲ್ಲ ಮೇಡಂ, ಸೊನ್ನೆಯೇ.”

“ಒಂದೂ ಗೆಲ್ಲದೆ ಒಂಬತ್ತು ವರ್ಷ ಸಂಬಳ ಕೊಡ್ತಾರಾ?”

“ತಂಡದಲ್ಲಿ ಇಬ್ಬರು ಇರ್ತಾರೆ. ಗೆಲ್ಲುವವನು ಒಬ್ಬ. ನಾನು ಇನ್ನೊಬ್ಬ” ಎಂದ. ಅದನ್ನು ಹೇಳುವಾಗ ಅವನಿಗೆ ಬೇಸರವಾಗಲಿ ಹೆಮ್ಮೆಯಾಗಲಿ ಇದ್ದಂತೆ ಕಾಣಲಿಲ್ಲ. “ಗಾಡಿ ಎಲ್ಲಿ ಎಳೀತದೆ, ಟಯರ್ ಎಷ್ಟು ಸುತ್ತಿಗೆ ಸವೀತದೆ ಅಂತ ಸರಿಯಾಗಿ ಹೇಳುವವ ಒಬ್ಬ ಬೇಕಲ್ಲ. ನಾನು ಇದ್ದದ್ದು ಇದ್ದ ಹಾಗೆ ಹೇಳ್ತೇನೆ. ಅದಕ್ಕೆ ಇಟ್ಟುಕೊಂಡಿದ್ದಾರೆ.”

ಮರಳಿ ಬರುವಾಗ ತನ್ನ ಕಾರಿನಲ್ಲೇ ಬನ್ನಂಜೆಗೆ ಬಿಡುತ್ತೇನೆಂದ. ನಾನು ದೇವರನ್ನು ನೆನೆದು, ಬೆಲ್ಟನ್ನು ಎರಡು ಸಲ ಎಳೆದು ನೋಡಿ ಕೂತೆ. ಹೆದ್ದಾರಿ ಖಾಲಿ ಇತ್ತು. ಗಾಡಿ ನಲವತ್ತರ ಮೇಲೆ ಹೋಗಲಿಲ್ಲ. ಕೋಳಿ ತುಂಬಿದ ಪಿಕಪ್ ನಮ್ಮನ್ನು ದಾಟಿ ಹೋಯಿತು. ಹಿಂದಿನ ಸೀಟಿನಲ್ಲಿ ಮೀನಿನ ಬುಟ್ಟಿ ಕಟ್ಟಿದ ಸ್ಕೂಟರ್ ದಾಟಿತು. ರಸ್ತೆ ದಾಟಲು ಅಜ್ಜಿಯೊಬ್ಬರು ಯೋಚನೆ ಮಾಡುತ್ತ ನಿಂತಿದ್ದರು. ಅವರ ಯೋಚನೆ ಮುಗಿಯುವವರೆಗೆ ನಾವೂ ನಿಂತೆವು.

“ಎಂತ, ನಾನಿದ್ದೇನೆಂದು ನಿಧಾನ ಬಿಡ್ತಾ ಇದ್ದೀಯಾ?”

“ಇಲ್ಲ ಮೇಡಂ. ಟ್ರ್ಯಾಕ್‌ನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ಇಲ್ಲಿ ಬರ್ತಾರೆ. ನನಗೆ ಈ ರೋಡು ಹೆದರಿಕೆ.”

ಉದ್ಯಾವರದ ಸೇತುವೆ ಬರುವ ಹೊತ್ತಿಗೆ ಅವನೇ ಕಾರ್ಕಳದ ಮಾತು ತೆಗೆದ. ಸಂಬಂಧ ನೋಡಲು ಪ್ರೇಮಕ್ಕನಿಗೆ ಹೇಳಿದ್ದೇ ಅವನಂತೆ. ಹಿಂದಿನ ವರ್ಷ ಒಂದು ರೇಸಿನಲ್ಲಿ ಎಡಗೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ವಿಮೆಗೆಂದು ಆಸ್ಪತ್ರೆಯಲ್ಲಿ ಅರ್ಜಿ ತುಂಬಿಸುವಾಗ, ಗಡಿಬಿಡಿಯಲ್ಲಿ ‘ಬಲಗೈ’ ಎಂದು ಬರೆದುಬಿಟ್ಟ. ಕಿಟಕಿಯ ಆಚೆ ಕೂತ ಹುಡುಗಿ ಅರ್ಜಿಯನ್ನು ನೋಡಿದಳು, ಪ್ಲಾಸ್ಟರನ್ನು ನೋಡಿದಳು, “ಇದರಲ್ಲಿ ಯಾವುದು ಸರಿ, ಕೈಯಾ ಕಾಗದವಾ?” ಎಂದು ಕೇಳಿದಳು. ಅಷ್ಟೇ ನಡೆದದ್ದು. ಅದಾದ ಮೇಲೆ ಪ್ಲಾಸ್ಟರ್ ಬಿಚ್ಚಿಸಲು, ಬಿಚ್ಚಿಸಿದ್ದಕ್ಕೆ ಕಾಗದ ತರಲು, ತಂದ ಕಾಗದಕ್ಕೆ ಮೊಹರು ಹಾಕಿಸಲು ನಾಲ್ಕು ಸಲ ಆ ಕಿಟಕಿಗೆ ಹೋಗಿದ್ದಾನೆ.

“ಬೇರೆ ಮೂರು ತಪ್ಪಿಹೋದದ್ದಕ್ಕೆ ನನಗೆ ಏನೂ ಅನ್ನಿಸ್ಲಿಲ್ಲ. ಇದೊಂದು ಆಗಬೇಕಿತ್ತು ಮೇಡಂ” ಎಂದ ರಸ್ತೆಯ ಮೇಲಿನಿಂದ ಕಣ್ಣು ತೆಗೆಯದೆ.

ಇದನ್ನೆಲ್ಲ ಕೇಳಿಯೂ ನಾನು ಮನೆಗೆ ಬಂದು ಬರೆದದ್ದು ಏನನ್ನು ಎಂಬುದನ್ನು ಈಗ ಹೇಳಲು ನಾಚಿಕೆಯಾಗುತ್ತದೆ. ಸುಮಾರು ಒಂದು ವಾರ ಆ ಸೊನ್ನೆ ನನ್ನನ್ನು ಕಾಡಿತು. ನನ್ನ ಪತ್ರಗಳಲ್ಲಿ ಸೋತವರು ಇಲ್ಲ. ಸಂಗೀತ ಸ್ಪರ್ಧೆಯಲ್ಲಿ ಕೊನೆಯಲ್ಲಿ ಬಂದವರನ್ನು ‘ಸ್ಪರ್ಧೆಗಳಾಚೆಗಿನ ಗಾಯಕಿ’ ಎಂದು ಮಾಡಿ ದಾಟಿಸಿದ್ದೇನೆ. ಆದರೆ ರೇಸೆಂದರೆ ಗೆಲ್ಲುವುದಕ್ಕೇ ಇರುವುದು. ಅಲ್ಲಿ ಎಲೆಮರೆಯ ಕಾಯಿಗೆ ಜಾಗವಿಲ್ಲ. ಮನೆಯವರನ್ನು ಕೇಳಿದೆ. ಅವರು ನಿತೇಶ ಕೊಟ್ಟ ಹಾಳೆಯನ್ನು ತಿರುವಿ ನೋಡಿ, “ಹುಡುಗ ಚೆನ್ನಾಗಿ ಬರೆದಿದ್ದಾನೆ. ಇದನ್ನೇ ಓದಿದ್ರೆ ಆಯ್ತಲ್ಲ” ಎಂದರು. ಸಾಹಿತ್ಯದ ಗಂಧ ಇಲ್ಲದವರ ಹತ್ತಿರ ಕೇಳಿದ್ದು ನನ್ನ ತಪ್ಪು. ಪ್ರೇಮಕ್ಕ ದಿನಕ್ಕೆರಡು ಸಲ ಬೇಲಿಯ ಆಚೆಯಿಂದ, “ಎಲ್ಲಿಗೆ ಬಂತು ಮೇಡಂ?” ಎನ್ನುತ್ತಿದ್ದರು. ಕೊನೆಗೆ ಮುದ್ರಣಾಲಯದವರು ಇವತ್ತೇ ಬೇಕೆಂದ ದಿನ ಕೈ ತಾನಾಗಿ ಓಡಿತು: ‘ವಾಯುವೇಗದ ಲೋಕದಲ್ಲಿದ್ದೂ ಆತುರವನ್ನು ಅರಿಯದ ಸ್ಥಿತಪ್ರಜ್ಞ, ನಿಧಾನವೇ ಪ್ರಧಾನವೆಂದು ಬಗೆದು ನಲವತ್ತೇಳು ಸ್ಪರ್ಧೆಗಳಲ್ಲಿ ಜಯಭೇರಿ ಬಾರಿಸಿದ ಕಡಲತಡಿಯ ಕುವರ.’

ಭಾಗವಹಿಸುವುದಕ್ಕೂ ಜಯಭೇರಿಗೂ ನಡುವೆ ಇರುವುದು ಒಂದು ಕ್ರಿಯಾಪದದ ಅಂತರ ಎಂದು ಸಮಾಧಾನ ಮಾಡಿಕೊಂಡೆ. ಮದುವೆಗೆ ನೂರು ಸುಳ್ಳು ಹೇಳಬಹುದೆಂದು ಹಿರಿಯರೇ ಹೇಳಿದ್ದಾರೆ. ನನ್ನದು ಬರೇ ನಲವತ್ತೇಳು.

ವಾರ್ಷಿಕೋತ್ಸವದ ಸಂಜೆ ಸಭಾಭವನ ತುಂಬಿತ್ತು. ಮಕ್ಕಳ ನೃತ್ಯ ಇದ್ದ ದಿನ ಸಭಾಭವನ ತಾನಾಗಿ ತುಂಬುತ್ತದೆ; ಒಂದು ಮಗು ಕುಣಿದರೆ ಎಂಟು ಜನ ಬಂಧುಗಳು ಬರುತ್ತಾರೆ. ಮೂರನೆಯ ಸಾಲಿನಲ್ಲಿ ಕಾರ್ಕಳದವರನ್ನು ಪ್ರೇಮಕ್ಕ ಕಣ್ಣಲ್ಲೇ ತೋರಿಸಿದರು. ಬಿಳಿ ಅಂಗಿಯ, ನೆಟ್ಟಗೆ ಕೂತ ಸೋದರಮಾವ, ಹುಡುಗಿಯ ತಾಯಿ, ಅನುಷಾ. ಹುಡುಗಿ ಕಾರ್ಯಕ್ರಮದ ಆಮಂತ್ರಣವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದಳು. ಆಮಂತ್ರಣವನ್ನು ಹಾಗೆ ಓದುವವರನ್ನು ನಾನು ಆವರೆಗೆ ಕಂಡಿರಲಿಲ್ಲ. ಆಗಲೇ ನನಗೆ ಸ್ವಲ್ಪ ಅಳುಕು ಹುಟ್ಟಬೇಕಿತ್ತು. ಹುಟ್ಟಲಿಲ್ಲ. ವೇದಿಕೆಯ ಪಕ್ಕದಲ್ಲಿ ನಿಂತು, ನನ್ನ ವಾಕ್ಯಗಳಿಗೆ ಬರುವ ಚಪ್ಪಾಳೆಗಾಗಿ ಕಾಯುತ್ತಿದ್ದೆ.

ನಿತೇಶನನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಪೇಟ ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ಬುಟ್ಟಿ ತೊಡೆಗೆ ಬಂತು. ಬಳಗದ ಕಾರ್ಯದರ್ಶಿಗೆ ಮೈಕ್ ಬೇಡದಷ್ಟು ಗಂಟಲು. ಅವರು ಮೈಕಿನಲ್ಲೇ ಓದಿದರು. ‘ಜಯಭೇರಿ’ಗೆ ಒಳ್ಳೆಯ ಚಪ್ಪಾಳೆ ಬಿತ್ತು. ಪ್ರೇಮಕ್ಕ ನನ್ನ ಕೈ ಹಿಸುಕಿದರು. ಇನ್ನು ವಂದನಾರ್ಪಣೆ, ನೃತ್ಯ, ಚಹಾದ ಜತೆ ಬಿಸಿ ಗೋಳಿಬಜೆ ಎನ್ನುವಾಗ ನಿತೇಶ ಎದ್ದೇಳಲು ನೋಡಿದ. ಬುಟ್ಟಿ ಬಿಡಲಿಲ್ಲ. ಎಡಕ್ಕೆ ಬಲಕ್ಕೆ ನೋಡಿ, ಹತ್ತಿರ ನಿಂತಿದ್ದ ನನ್ನ ಕೈಗೆ ಬುಟ್ಟಿಯನ್ನು ಕೊಟ್ಟ. ಮುಂದೆ ನಡೆದದ್ದನ್ನೆಲ್ಲ ನಾನು ನಾಲ್ಕು ನೂರು ಜನರೆದುರು ಅನಾನಸಿನ ಎಲೆಗಳ ನಡುವಿನಿಂದ ನೋಡಬೇಕಾಯಿತು.

“ಎಲ್ಲರಿಗೂ ನಮಸ್ಕಾರ” ಎಂದ ನಿತೇಶ ಮೈಕಿನೆದುರು. “ಪತ್ರದಲ್ಲಿ ಒಂದು ಚೂರು ತಪ್ಪುಂಟು. ನಲವತ್ತೇಳು ರೇಸು ನಾನು ಗೆದ್ದದ್ದಲ್ಲ, ಓಡಿಸಿದ್ದು. ಗೆದ್ದದ್ದು ಸೊನ್ನೆ. ಎರಡು ಸಲ ಎರಡನೇ ಸ್ಥಾನ, ಐದು ಸಲ ಮೂರನೇ ಸ್ಥಾನ ಬಂದಿದೆ. ಹತ್ತೊಂಬತ್ತು ಸಲ ಅರ್ಧದಲ್ಲಿ ನಿಂತಿದ್ದೇನೆ. ಮತ್ತೆ ನಿಧಾನ ಅಂತ ಓದಿದ್ರು. ಟ್ರ್ಯಾಕ್‌ನಲ್ಲಿ ನಿಧಾನ ಹೋದ್ರೆ ಸಂಬಳ ಯಾರು ಕೊಡ್ತಾರೆ? ಅಲ್ಲಿ ಜೋರಾಗಿಯೇ ಓಡಿಸುವುದು. ಬಾಕಿ ಎಲ್ಲ ಸರಿ ಉಂಟು. ಅಮ್ಮನ ಹೆಸರು ಸರಿ ಉಂಟು. ಮೇಡಂ ತುಂಬ ಕಷ್ಟಪಟ್ಟು ಬರೆದಿದ್ದಾರೆ, ಅವರಿಗೆ ವಂದನೆ.”

ಸನ್ಮಾನಿತರು ಮೈಕಿನೆದುರು ಬಂದರೆ ‘ನಾನು ಈ ಗೌರವಕ್ಕೆ ಅರ್ಹನಲ್ಲ’ ಎನ್ನುವುದು ರೂಢಿ. ಅದನ್ನು ಯಾರೂ ನಂಬುವುದಿಲ್ಲ, ಹೇಳುವವರೂ ನಂಬುವುದಿಲ್ಲ. ಅಂಕಿ ಸಮೇತ ಅದನ್ನು ರುಜುವಾತು ಮಾಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಕೈ ತಟ್ಟಬೇಕೋ ಬೇಡವೋ ತಿಳಿಯದೆ ಜನ ಅರ್ಧರ್ಧ ತಟ್ಟಿದರು. ಪ್ರೇಮಕ್ಕ ನನ್ನ ಕೈ ಬಿಟ್ಟಿದ್ದರು. “ನಾಲ್ಕನೆಯದೂ ಹೋಯ್ತು” ಎಂದು ಮೆಲ್ಲಗೆ ಹೇಳಿ, ಸೆರಗಿನಿಂದ ಮುಖ ಒರಸಿಕೊಂಡು ಹಿಂದೆ ಹೋದರು. ನನಗೆ ಅವನ ಮೇಲೆ ಸಿಟ್ಟು ಬಂತು. ಇವನ ಒಳ್ಳೆಯದಕ್ಕೆ ಬರೆದರೆ ನಾಲ್ಕು ಜನರೆದುರು ನನ್ನನ್ನೇ ತಿದ್ದುವುದೇ ಎಂದು. ಬುಟ್ಟಿ ಭಾರವಾಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಭವನದ ಹಿಂಭಾಗದಲ್ಲಿ ಚಹಾ ಮತ್ತು ಗೋಳಿಬಜೆ. ಕಾರ್ಕಳದವರು ಹೋಗಿರಬಹುದೆಂದುಕೊಂಡಿದ್ದೆ. ಹೋಗಿರಲಿಲ್ಲ. ಅನುಷಾ ಕಾಗದದ ತಟ್ಟೆ ಹಿಡಿದುಕೊಂಡು ನೇರವಾಗಿ ನಿತೇಶನ ಹತ್ತಿರ ಬಂದಳು. ನಾನು ಅಲ್ಲೇ ಬುಟ್ಟಿ ಇಡಲು ಜಾಗ ಹುಡುಕುತ್ತಿದ್ದೆ.

“ಹತ್ತೊಂಬತ್ತು ಸಲ ಅರ್ಧದಲ್ಲಿ ನಿಂತದ್ದು ಅಂದ್ರಲ್ಲ, ಯಾಕೆ?” ಎಂದು ಕೇಳಿದಳು.

“ಆರು ಸಲ ಗಾಡಿ ಕೆಟ್ಟದ್ದು. ಎರಡು ಸಲ ಬೇರೆಯವರು ಬಂದು ಗುದ್ದಿದ್ದು.”

“ಮತ್ತೆ ಹನ್ನೊಂದು?”

“ನನ್ನ ತಪ್ಪು.”

“ಹನ್ನೊಂದೂ?”

“ಹನ್ನೊಂದೂ. ಒಂದರಲ್ಲಿ ಗಾಡಿಯದ್ದು ಸ್ವಲ್ಪ ಇತ್ತು, ಆದ್ರೆ ನಾನು ಬೇಗ ಬ್ರೇಕ್ ಹಾಕಿದ್ರೆ ಉಳೀ‌ತಿತ್ತು. ಹಾಗೆ ಅದನ್ನೂ ನನ್ನ ಲೆಕ್ಕಕ್ಕೆ ಹಾಕಿದ್ದು.”

“ನನ್ನ ಕೆಲಸದಲ್ಲಿ ತುಂಬ ಅರ್ಜಿ ನೋಡ್ತೇನೆ. ಬೈಕಿನಿಂದ ಬಿದ್ದವರು, ಮೆಟ್ಟಿಲಿಂದ ಬಿದ್ದವರು. ‘ಕಾರಣ’ ಅಂತ ಒಂದು ಕಾಲಂ ಉಂಟು. ನಾಯಿ ಅಡ್ಡ ಬಂತು, ರಸ್ತೆ ಸರಿ ಇರ್ಲಿಲ್ಲ, ಮಳೆ ಇತ್ತು ಅಂತ ಬರೀತಾರೆ. ‘ನಾನು’ ಅಂತ ಬರೆದವರನ್ನು ಇದುವರೆಗೆ ನೋಡ್ಲಿಲ್ಲ” ಎಂದಳು. ಆಮೇಲೆ ತಟ್ಟೆಯನ್ನು ಅವನ ಕಡೆ ಚಾಚಿ, “ಗೋಳಿಬಜೆ ತಣಿದ್ರೆ ತಿನ್ಲಿಕ್ಕೆ ಆಗುವುದಿಲ್ಲ” ಎಂದಳು. ಅವನು ಒಂದು ತೆಗೆದುಕೊಂಡ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ; ಅದರ ಜಾಗದಲ್ಲಿ ಸಂತೋಷ ಬಂದು ಕೂತಿತ್ತು.

ಸೋದರಮಾವ ನನ್ನನ್ನು ಹುಡುಕಿಕೊಂಡು ಬಂದರು. ತಪ್ಪು ಮಾಡಿ ಹೆಡ್ಮಾಸ್ಟರ ಎದುರು ನಿಲ್ಲುವ ಅನುಭವ ನಾಲ್ಕು ದಶಕಗಳ ನಂತರ ಮತ್ತೆ ಆಯಿತು. ಹುಡುಗನ ಪರವಾಗಿ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

“ಪತ್ರದ ಬಗ್ಗೆ ನೀವು ಬೇಜಾರು ಮಾಡ್ಬೇಡಿ ಮೇಡಂ” ಎಂದರು ಅವರೇ. “ಅದನ್ನು ಕೇಳಿ ನಾವು ಏನೂ ಲೆಕ್ಕ ಹಾಕ್ಲಿಲ್ಲ. ಆರು ವರ್ಷದ ಹಿಂದೆ ನನಗೂ ನೀವೇ ಬರೆದದ್ದಲ್ವಾ?”

“ಹೌದಾ ಸರ್? ಎಂತ ಬರೆದಿದ್ದೆ?”

“ಒಂದು ಪೆಟ್ಟೂ ಕೊಡದೆ ಮೂವತ್ತೈದು ವರ್ಷ ಪಾಠ ಮಾಡಿದ ಮೃದು ಹೃದಯಿ ಅಂತ. ಸಭೆಯಲ್ಲಿ ಇದ್ದದ್ದೆಲ್ಲ ನನ್ನ ಹಳೆ ವಿದ್ಯಾರ್ಥಿಗಳು. ಎಲ್ಲರೂ ಕೈ ತಟ್ಟಿದ್ರು. ಎದುರು ಸಾಲಿನ ಒಬ್ಬ ತಟ್ಟುವ ಮೊದಲು ತನ್ನ ಅಂಗೈ ಒಮ್ಮೆ ನೋಡಿಕೊಂಡ.” ಹೆಡ್ಮಾಸ್ಟರು ನಗಲಿಲ್ಲ. “ನನಗೆ ಅವತ್ತು ನಿದ್ರೆ ಬರ್ಲಿಲ್ಲ ಮೇಡಂ. ಹೊಡೆಯುತ್ತಿದ್ದೆ ಅಂತ ನಾನೇ ಎದ್ದು ಹೇಳಬೇಕಿತ್ತು. ತೊಡೆ ಮೇಲೆ ಬುಟ್ಟಿ ಇತ್ತು ಅಂತ ಕೂತುಬಿಟ್ಟೆ. ಈ ಹುಡುಗ ಬುಟ್ಟಿ ಕೊಟ್ಟು ಎದ್ದನಲ್ಲ, ನಾನು ನೋಡಿದ್ದು ಅದನ್ನು.” ಒಂದು ಗುಟುಕು ಚಹಾ ಕುಡಿದು ಮುಂದುವರಿಸಿದರು. “ಮತ್ತೆ, ನಲವತ್ತೇಳಕ್ಕೆ ನಲವತ್ತೇಳೂ ಗೆದ್ದವನಿಗೆ ಹೆಣ್ಣು ಕೊಡ್ಲಿಕ್ಕೆ ಆಗ್ತದಾ? ಒಮ್ಮೆಯೂ ಸೋಲದವನ ಜತೆ ಸಂಸಾರ ಮಾಡುವುದು ಹೇಗೆ?”

ಮುಂದಿನ ವಾರ ಜಾತಕ ಕೇಳದೆ ಹುಡುಗನನ್ನು ಕಾರ್ಕಳಕ್ಕೆ ಊಟಕ್ಕೆ ಕರೆದರು. ಆ ಸಂಜೆಯಿಂದ ನನ್ನೊಡನೆ ಮಾತು ಬಿಟ್ಟಿದ್ದ ಪ್ರೇಮಕ್ಕ ಸಿಹಿ ಹಿಡಿದುಕೊಂಡು ಬಂದು, ಎಲ್ಲವೂ ನನ್ನ ಪತ್ರದಿಂದಲೇ ಆಯಿತೆಂದು ಹೇಳಿ ಹೋದರು. ಅದನ್ನು ತಿದ್ದಲು ನನಗೆ ಮನಸ್ಸು ಬರಲಿಲ್ಲ.

ಆದರೆ ಆ ‘ಹನ್ನೊಂದು’ ನನ್ನೊಳಗೆ ಉಳಿದುಬಿಟ್ಟಿತು. ತನ್ನ ತಪ್ಪುಗಳನ್ನು ಎಣಿಸಿ, ಮೊತ್ತ ಹಾಕಿ, ಕೇಳಿದವರಿಗೆ ತಕ್ಷಣ ಹೇಳಬಲ್ಲ ಗಂಡಸು ಇರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಅನುಷಾಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಒಂದು ಬೆಳಿಗ್ಗೆ ಯಜಮಾನರು ಪತ್ರಿಕೆ ಓದುತ್ತ ದೋಸೆ ತಿನ್ನುತ್ತಿದ್ದಾಗ ಕೇಳಿಯೇಬಿಟ್ಟೆ.

“ನೋಡಿ, ಮದುವೆಯಾಗಿ ಇಪ್ಪತ್ತೇಳು ವರ್ಷ ಆಯ್ತು. ನಮ್ಮ ಜಗಳಗಳಲ್ಲಿ ನಿಮ್ಮ ತಪ್ಪಿನಿಂದ ಆದದ್ದು ಎಷ್ಟು?”

ಇಂಥ ಪ್ರಶ್ನೆಗೆ ಬೇರೆ ಯಾರಾದರೂ ಎದ್ದು ಹೋಗುತ್ತಿದ್ದರು. ಇವರು ಪತ್ರಿಕೆ ಮಡಚಿಟ್ಟು, ತಲೆಯ ಮೇಲಿನ ಮಾಡನ್ನು ನೋಡುತ್ತ ಬೆರಳು ಮಡಚಿದರು. ಹೇಳದೆ ಸ್ಕೂಟರ್ ಮಾರಿದ್ದು ಒಂದು. ನನ್ನ ಅಣ್ಣನ ಮಗನ ನಿಶ್ಚಿತಾರ್ಥಕ್ಕೆ ತಲೆನೋವೆಂದು ಬಾರದೆ, ಮನೆಯಲ್ಲಿ ಕೂತು ಕ್ರಿಕೆಟ್ ನೋಡಿದ್ದು ಇನ್ನೊಂದು. ಅವರು ಮನಸ್ಸಿನಲ್ಲೇ ಎಣಿಸಿ ಮುಗಿಸಿದರು.

“ಒಂಬತ್ತು” ಎಂದರು. “ನಿನ್ನದು?”

ನಾನೂ ಎಣಿಸಲು ಶುರು ಮಾಡಿದೆ. ಎರಡು ಕೈಯ ಬೆರಳು ಮುಗಿಯುವ ಲಕ್ಷಣ ಕಂಡದ್ದರಿಂದ ಅಲ್ಲಿಗೇ ನಿಲ್ಲಿಸಿದೆ.

“ಒಂದೂ ಇಲ್ಲ” ಎಂದೆ.

ಅವರು ತಲೆಯಾಡಿಸಿದರು. “ಹಾಗಾದ್ರೆ ಇಪ್ಪತ್ತೇಳು ವರ್ಷದಲ್ಲಿ ನಾವು ಆಡಿದ್ದು ಒಟ್ಟು ಒಂಬತ್ತೇ ಜಗಳ. ಇಷ್ಟು ಕಮ್ಮಿ ಆಡಿದ ಗಂಡ ಹೆಂಡತಿ ಈ ಜಿಲ್ಲೆಯಲ್ಲಿ ಬೇರೆ ಇರ್ಲಿಕ್ಕಿಲ್ಲ. ಪ್ರೇಮಕ್ಕನಿಗೆ ಹೇಳಿ ನಮಗೂ ಒಂದು ಸನ್ಮಾನ ಮಾಡಿಸುವಾ” ಎಂದು ಪತ್ರಿಕೆಯನ್ನು ಮತ್ತೆ ಬಿಡಿಸಿದರು.

ನಾನು ಅವರೆದುರಿದ್ದ ತಟ್ಟೆಯನ್ನು, ಅರ್ಧ ತಿಂದ ದೋಸೆಯ ಸಮೇತ, ಎತ್ತಿಕೊಂಡು ಒಳಗೆ ನಡೆದೆ. ಹತ್ತನೆಯದು ಹೀಗೆ ಶುರುವಾಯಿತು. ಅದರಲ್ಲಿ ತಪ್ಪು ನನ್ನದು. ಅವರಿಗೆ ಇನ್ನೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ.